ಪಿನ್ನಕ್ಕ ಬಟ್ಟೆಗೆ ಕತ್ತರಿ ಹಾಕುವುದಿಲ್ಲ

ಬೀದಿದೀಪಗಳು ಇನ್ನೂ ಆರಿಲ್ಲ. ತೂಕದ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಏಳೆಂಟು ಜನ ಖಾಲಿ ಹೊಟ್ಟೆಯಲ್ಲಿ ಕೂತಿದ್ದಾರೆ. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಫಲಿತಾಂಶಕ್ಕೆ ಕಾಯುವ ಶಾಲೆಯ ಮಕ್ಕಳೂ ಇವರಿಗಿಂತ ಹೆಚ್ಚು ಮಾತಾಡುತ್ತಾರೆ. ಎಡಗಡೆ ತೂಕದ ಯಂತ್ರ ಇರುವ ಕೋಣೆ. ಅದಕ್ಕೆ ತಾಗಿಕೊಂಡು, ಒಂದು ಕಾಲಕ್ಕೆ ಪೊರಕೆ ಬಕೆಟ್ಟು ಇಡುತ್ತಿದ್ದ ಪುಟ್ಟ ಕೋಣೆಯಲ್ಲಿ ಹೊಲಿಗೆ ಯಂತ್ರವೊಂದು ಆಗಲೇ ಕಟಕಟ ಸದ್ದು ಮಾಡುತ್ತಿದೆ.

ಯಂತ್ರದ ಹಿಂದೆ ಕೂತಿರುವವರು ಐವತ್ತರ ಹತ್ತಿರದ ಹೆಂಗಸು. ತುಟಿಗಳ ನಡುವೆ ಗುಂಡುಪಿನ್ನುಗಳ ಸಾಲು. ಬಾಯಿತುಂಬ ಪಿನ್ನು ಇಟ್ಟುಕೊಂಡೇ ಇವರು ಮಾತಾಡಬಲ್ಲರು, ನಗಬಲ್ಲರು, ಬೇಕಾದರೆ ಬೈಯಲೂ ಬಲ್ಲರು. ಹಾಗಾಗಿ ಇಲ್ಲಿಗೆ ಬರುವವರಿಗೆಲ್ಲ ಇವರು ಪಿನ್ನಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಕೂಗಿದರೆ ತಾನೇ ತಿರುಗಿ ನೋಡುವುದಿಲ್ಲ ಎಂದು ಅವರೇ ಹೇಳುತ್ತಾರೆ.

ಬಸ್ ಚಾಲಕರೊಬ್ಬರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಸಮವಸ್ತ್ರದ ಅಂಗಿಯನ್ನು ಹೊರಗೆ ಬಿಟ್ಟು ಸೊಂಟ ಮುಚ್ಚಿಕೊಂಡಿದ್ದಾರೆ.

“ಬಿಗಿನಾ?” ಎಂದು ಪಿನ್ನಕ್ಕ ಕೇಳುತ್ತಾರೆ.

“ಹೂಂ,” ಎನ್ನುತ್ತಾರೆ ಚಾಲಕರು, ನೆಲ ನೋಡುತ್ತ.

“ಪ್ಯಾಂಟು ಬಿಚ್ಚಿ ಕೊಡಿ. ಪರದೆ ಹಿಂದೆ ಗೌನು ಇದೆ, ಹಾಕ್ಕೊಳ್ಳಿ.”

“ಎಷ್ಟು ಬಿಡಬೇಕು ಅಂತ ಕೇಳಲ್ವಾ?”

“ಯಾಕೆ ಕೇಳಲಿ? ಹೋದ ಸಲದ ಹೊಲಿಗೆ ಹಾಗೇ ಇದೆಯಲ್ಲ, ಅಲ್ಲಿಗೆ ಬರತ್ತೆ. ಹೋಗಿ, ಸಾಲು ಬೆಳೀತಿದೆ.”

ಹಳೆಯ ಬ್ಲೇಡಿನ ಮೂಲೆಯಿಂದ ಪಿನ್ನಕ್ಕ ಪ್ಯಾಂಟಿನ ಹಿಂಬದಿಯ ಹೊಲಿಗೆಯನ್ನು ಎತ್ತುತ್ತಾರೆ. ದಾರ ಸರ್ರೆಂದು ಬರುತ್ತದೆ. ಒಂದು ಸಾಲು ಬಿಚ್ಚಿದ ಮೇಲೆ ಅದರ ಆಚೆಗೆ ಇನ್ನೊಂದು ಸಾಲು, ಅದರಾಚೆಗೆ ಮತ್ತೊಂದು. ಇಷ್ಟು ತಿಂಗಳಲ್ಲಿ ಚಾಲಕರು ಇಳಿದ ಮೆಟ್ಟಿಲುಗಳೆಲ್ಲ ಆ ಪ್ಯಾಂಟಿನೊಳಗೆ ಇವೆ. ಈಗ ಒಂದು ಮೆಟ್ಟಿಲು ಹತ್ತಿದ್ದಾರೆ, ಅಷ್ಟೇ. ಆಚೆ ಕೋಣೆಯಲ್ಲಿ ತೂಕ ನೋಡಿಸಿ, ರಕ್ತ ಕೊಟ್ಟು ಅವರು ಬರುವಷ್ಟರಲ್ಲಿ ಪ್ಯಾಂಟು ಇಸ್ತ್ರಿಯಾಗಿ ಬೆಚ್ಚಗೆ ಕಾಯುತ್ತಿದೆ.

ಚಾಲಕರನ್ನು ಕಾರಿಡಾರಿನಲ್ಲಿ ಹಿಡಿದು ಮಾತಾಡಿಸಿದರೆ ಅವರು ಮುಚ್ಚುಮರೆ ಮಾಡುವುದಿಲ್ಲ. “ಮೂರು ವಾರ ತಪ್ಪಿಸಿಬಿಟ್ಟೆ ಸಾರ್. ಇವತ್ತು ಪ್ಯಾಂಟಿನ ಕೊಕ್ಕೆ ಹಾಕೋಕಾಗಲಿಲ್ಲ. ಮತ್ತೆ ಹೊದ್ದು ಮಲಗೋಣ ಅಂತಲೇ ಇದ್ದೆ. ಆಮೇಲೆ, ಡಾಕ್ಟರ್ ಹತ್ರ ಬೇಡ, ಪಿನ್ನಕ್ಕನ ಕೈಗೆ ಬಟ್ಟೆ ಕೊಟ್ಟು ಬರ್ತೀನಿ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡು ಬಂದೆ. ಬಂದ ಮೇಲೆ ತೂಕ ನೋಡದೆ ಹೋಗೋಕಾಗತ್ತಾ?”

ಆಸ್ಪತ್ರೆಯ ಫಲಕದಲ್ಲಿ ‘ಶಸ್ತ್ರಚಿಕಿತ್ಸೆ ಇಲ್ಲದೆ, ವೈದ್ಯರ ನಿಗಾದಲ್ಲಿ ತೂಕ ಇಳಿಕೆ’ ಎಂದು ಬರೆದಿದೆ. ಬೀದಿಯ ಜನ ಅಷ್ಟುದ್ದ ಓದುವ ಗೋಜಿಗೆ ಹೋಗದೆ ತೂಕದ ಆಸ್ಪತ್ರೆ ಎಂದುಬಿಟ್ಟಿದ್ದಾರೆ. ಒಳಗೆ ಪವಾಡವೇನೂ ನಡೆಯುವುದಿಲ್ಲ. ಬಂದವರ ರಕ್ತ, ಸಕ್ಕರೆ, ಬಿಪಿ, ನಿದ್ದೆ ಎಲ್ಲ ನೋಡಿ ಯಾರು ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂದು ಹೇಳುತ್ತಾರೆ. ಕೆಲವರಿಗೆ ವಾರಕ್ಕೊಂದು ಇಂಜೆಕ್ಷನ್ ಇರುತ್ತದೆ. ತೂಕ ಇಳಿದಂತೆ ಸಕ್ಕರೆ ಮಾತ್ರೆ, ಬಿಪಿ ಮಾತ್ರೆಗಳ ಪ್ರಮಾಣ ಬದಲಾಗಬೇಕು. ವಾರ ವಾರ ಬಂದು ತೋರಿಸಬೇಕಾದದ್ದು ಅದಕ್ಕೇ. ಮನೆಯಲ್ಲಿ ಒಬ್ಬರೇ ಕೂತು ಹೊಟ್ಟೆ ಕಟ್ಟುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಇಲ್ಲಿನ ಹಿರಿಯ ವೈದ್ಯೆ ತೂಕ ಇಳಿಸುವುದನ್ನು ಅರ್ಧ ಕೆಲಸ ಎನ್ನುತ್ತಾರೆ. “ಇಳಿದದ್ದು ಎಷ್ಟೋ ಜನಕ್ಕೆ ಸ್ವಲ್ಪ ಮರಳಿ ಬರತ್ತೆ. ಅದು ಯಾರ ತಪ್ಪೂ ಅಲ್ಲ, ದೇಹದ ಹಟ. ಮಾತ್ರೆ ಬದಲಾಯಿಸಬಹುದು, ಊಟ ಬದಲಾಯಿಸಬಹುದು, ದಾರಿ ಇದೆ. ಆದರೆ ಮರಳಿ ಬಂತು ಅಂತ ನಾಚಿಕೆಪಟ್ಟು ಇತ್ತ ಕಡೆ ಬರೋದನ್ನೇ ಬಿಡ್ತಾರಲ್ಲ, ಅಂಥವರಿಗೆ ನಾನು ಏನು ಮಾಡಲಿ? ಫೋನ್ ಮಾಡಿದರೆ ಎತ್ತಲ್ಲ.”

ಪಿನ್ನಕ್ಕನ ಕೆಲಸ ಏನು ಎಂಬುದು ಆಸ್ಪತ್ರೆಯ ಯಾವ ಫಲಕದಲ್ಲೂ ಇಲ್ಲ. ಅವರನ್ನು ಕರೆಸಿದ್ದು ಕಿಟಕಿ ಪರದೆ ಹೊಲಿಯಲು. ಅದಕ್ಕೂ ಮೊದಲು ಹನ್ನೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿದವರು. ಬರೀ ಕಾಲರ್. ಅಂಗಿಯ ಉಳಿದ ಭಾಗ ಬೇರೆಯವರ ಮೇಜಿನಲ್ಲಿ ತಯಾರಾಗುತ್ತಿತ್ತು. “ನಾನು ಹೊಲಿದ ಕಾಲರ್ ಯಾರ ಕುತ್ತಿಗೆಗೆ ಹೋಯ್ತೋ ಒಂದಿನಾನೂ ನೋಡಲಿಲ್ಲ,” ಎನ್ನುತ್ತಾರೆ. ಕಾರ್ಖಾನೆ ಬಾಗಿಲು ಹಾಕಿದಾಗ ದುಃಖಕ್ಕಿಂತ ಮೊದಲು ಬಂದದ್ದು ಬೆನ್ನು ನೆಟ್ಟಗೆ ಮಾಡುವ ಆಸೆಯಂತೆ.

ಪರದೆಯ ಅಳತೆ ತೆಗೆಯುತ್ತಿದ್ದ ದಿನವೇ ಅವರ ಕಣ್ಣಿಗೆ ಬಿದ್ದದ್ದು, ಗೌನು ತೊಟ್ಟು ತೂಕದ ಕೋಣೆಗೆ ಹೋಗುತ್ತಿದ್ದ ಒಬ್ಬ ಗಂಡಸು. ತೂಕಕ್ಕೆ ಉಟ್ಟ ಬಟ್ಟೆಯ ಭಾರ ಸೇರಬಾರದೆಂದು ಇಲ್ಲಿ ಎಲ್ಲರಿಗೂ ಒಂದೇ ಬಗೆಯ ತೆಳು ಗೌನು ಕೊಡುತ್ತಾರೆ. ಹಿಂದೆ ಲಾಡಿ ಕಟ್ಟುವ ಆಸ್ಪತ್ರೆ ಗೌನು. ಸಣಕಲು ರೋಗಿಗಳನ್ನು ನೆನೆದು ಯಾರೋ ಹೊಲಿದದ್ದು. ಆ ಮನುಷ್ಯನಿಗೆ ಹಿಂದೆ ಎರಡು ತುದಿ ಕೂಡುತ್ತಲೇ ಇರಲಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಮಾಡಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಗೋಡೆಗೆ ಬೆನ್ನು ಸವರುತ್ತ ಹೋಗುತ್ತಿದ್ದರಂತೆ. “ಕಾಯಿಲೆ ತೋರಿಸ್ಕೊಳ್ಳೋಕೆ ಬಂದೋರು ಕಳ್ಳನ ಹಾಗೆ ನಡೀಬೇಕಾ?” ಎಂದು ಪಿನ್ನಕ್ಕ ಈಗಲೂ ಸಿಡುಕುತ್ತಾರೆ. ಮಿಕ್ಕ ಪರದೆ ಬಟ್ಟೆಯಲ್ಲಿ ಒಂದು ಗೌನು ಹೊಲಿದು ತೋರಿಸಿದರು. ಒಂದರ ಮೇಲೊಂದು ಬರುವ ಅಗಲ ಅಂಚು, ಪಕ್ಕದಲ್ಲಿ ಲಾಡಿ, ಯಾವ ಮೈಗೂ ಆಗುತ್ತದೆ. ವೈದ್ಯೆ ಅದನ್ನು ತಾವೇ ತಮ್ಮ ಬಟ್ಟೆಯ ಮೇಲೆ ತೊಟ್ಟು, ಕಾರಿಡಾರಿನಲ್ಲಿ ಒಂದು ಸುತ್ತು ನಡೆದು ಬಂದು, ಇಂಥವೇ ಬೇಕು ಎಂದರು. ಪರದೆಯ ಕೆಲಸ ಮುಗಿಯಿತು, ಪಿನ್ನಕ್ಕ ಮುಗಿಯಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಬಟ್ಟೆ ತರತೊಡಗಿದರು. ತೂಕ ಇಳಿದರೆ ಬಟ್ಟೆ ಸಡಿಲವಾಗುತ್ತದೆ. ಪ್ರತಿ ತಿಂಗಳೂ ಹೊಸದು ಕೊಳ್ಳಲು ಯಾರಿಂದಾಗುತ್ತದೆ? ಈಗ ದಿನಕ್ಕೆ ಹದಿನೈದಿಪ್ಪತ್ತು ಬಟ್ಟೆ. ನಡುವೆ ಗೌನುಗಳ ಹರಿದ ಲಾಡಿ, ಬಿಚ್ಚಿದ ಅಂಚು. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಕೋಣೆಗೆ ಕಿಟಕಿ ಇಲ್ಲ. ಬೇಸಿಗೆಯಲ್ಲಿ ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಬೆವರು ಕಣ್ಣಿಗಿಳಿಯುತ್ತದೆ. ಇದನ್ನೆಲ್ಲ ನಾವು ಕೆದಕಿ ಕೇಳಿದರೆ ಹೇಳುತ್ತಾರೆ, ತಾವಾಗಿ ಹೇಳುವುದು ಕಣ್ಣಳತೆಯ ಬಗ್ಗೆ ಮಾತ್ರ. “ಬಾಗಿಲಲ್ಲಿ ನಿಂತ್ರೆ ಸಾಕು, ಸೊಂಟ ಎಷ್ಟು ಅಂತ ಹೇಳ್ತೀನಿ. ಟೇಪು ಹಿಡಿಯೋದು ಅವರ ಸಮಾಧಾನಕ್ಕೆ. ಇದುವರೆಗೂ ಬೆರಳಗಲ ತಪ್ಪಿಲ್ಲ.” ಬಡಾಯಿ ಎಂದು ನಗುವಂತಿಲ್ಲ. ನನ್ನ ಸೊಂಟವನ್ನು ಅವರು ಒಂದೇ ನೋಟಕ್ಕೆ ಹೇಳಿದರು. ಸಂಖ್ಯೆ ಇಲ್ಲಿ ಅನಗತ್ಯ.

ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಾರೆ. “ಅವರು ಉಬ್ಬಿಸ್ತಾರೆ, ನಾನು ಬಿಗಿ ಮಾಡ್ತೀನಿ,” ಎಂಬುದು ಪಿನ್ನಕ್ಕನ ಹಳೆಯ ಹಾಸ್ಯ, ಆದರೂ ಪ್ರತಿ ಸಲ ತಾವೇ ಮೊದಲು ನಗುತ್ತಾರೆ. ಮನೆಯ ಹಾಸಿಗೆ, ಪರದೆ, ಉಟ್ಟ ಬಟ್ಟೆ ಎಲ್ಲಕ್ಕೂ ಬೆಣ್ಣೆ ಸಕ್ಕರೆಯ ವಾಸನೆ. ಹೊಟ್ಟೆ ಖಾಲಿ ಬಿಟ್ಟು ಕೂತವರ ನಡುವೆ ಬನ್ನಿನ ವಾಸನೆ ಹೊತ್ತು ಓಡಾಡಬಾರದೆಂದು, ಕೋಣೆಗೆ ಬಂದೊಡನೆ ಅಲ್ಲೇ ಇಟ್ಟಿರುವ ನೀಲಿ ಅಂಗಿ ತೊಟ್ಟುಕೊಳ್ಳುತ್ತಾರೆ. ಅತ್ತೆಗೆ ಮಾತ್ರ ಸೊಸೆಯ ಕೆಲಸ ಇನ್ನೂ ಅರ್ಥವಾಗಿಲ್ಲ. ಮನೆಗೆ ಹೋದಾಗ ಅವರು ನನ್ನನ್ನೇ ಕೇಳಿದರು: “ದುಡ್ಡು ಕೊಟ್ಟು ಹಸಿದುಕೊಂಡಿರೋ ಜನಾನ ನೀನು ಎಲ್ಲಾದರೂ ನೋಡಿದ್ದೀಯೇನಪ್ಪ?”

ಪಿನ್ನಕ್ಕನ ಒಂದೇ ಒಂದು ನಿಯಮಕ್ಕೆ ಇಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಮುಖ ಊದಿಸಿಕೊಂಡಿದ್ದಾರೆ. ಎಷ್ಟೇ ಸಡಿಲವಾದ ಬಟ್ಟೆ ತಂದರೂ ಇವರು ಹೆಚ್ಚುವರಿ ಬಟ್ಟೆಯನ್ನು ಕತ್ತರಿಸುವುದಿಲ್ಲ. ಒಳಗೆ ಮಡಿಚಿ ಹೊಲಿಯುತ್ತಾರೆ, ಹಳೆಯ ಹೊಲಿಗೆಯನ್ನೂ ಹಾಗೇ ಬಿಡುತ್ತಾರೆ. ಪಕ್ಕದಲ್ಲಿ ಬಟ್ಟೆ ದಪ್ಪಗೆ ಕೂರುತ್ತದೆ, ಅಂದ ಕೆಡುತ್ತದೆ. ಕಷ್ಟಪಟ್ಟು ಸಣ್ಣಗಾದವರಿಗೆ ಅದು ಚುಚ್ಚುತ್ತದೆ. “ಮತ್ತೆ ದಪ್ಪ ಆಗೇ ಆಗ್ತೀವಿ ಅಂತ ನೀವೇ ಬರೆದು ಒಳಗಿಟ್ಟ ಹಾಗಾಯ್ತು,” ಎಂದು ಒಬ್ಬಾಕೆ ಜಗಳವಾಡಿ ಬೇರೆ ದರ್ಜಿಯ ಹತ್ತಿರ ಹೋದರು. ಆಹಾರ ತಜ್ಞೆಯದೂ ಅದೇ ತಕರಾರು. ಆಕೆ ಹಲ್ಲು ಕಚ್ಚಿ ಹೇಳುತ್ತಾರೆ: “ನಾನು ಮುಂದೆ ನೋಡಿ ಅಂತ ಹೇಳ್ತೀನಿ, ಇವರು ಹಿಂದಕ್ಕೆ ಹೋಗೋಕೆ ಜಾಗ ಬಿಟ್ಟು ಕೊಡ್ತಾರೆ.” ಆ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಪಿನ್ನಕ್ಕನೂ ವಾದಕ್ಕೆ ಇಳಿಯುವುದಿಲ್ಲ. “ಬೇಡ ಅಂದೋರು ಬೇರೆ ಕಡೆ ಹೊಲಿಸ್ಕೊಳ್ಳಲಿ. ನನ್ನ ಕೈ ಏಳಲ್ಲ,” ಎನ್ನುತ್ತಾರೆ.

ಕೈ ಏಳದಿರುವುದಕ್ಕೆ ಕಾರಣ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಮೊಣಕಾಲು ದಾಟುವ ಉದ್ದದ ಬೂದು ಬಣ್ಣದ ಅಂಗಿ, ಎರಡು ಪಕ್ಕಕ್ಕೂ ಹಸಿರು ಪಟ್ಟಿ. ಯಾರದು ಎಂದು ಕೇಳಿದ್ದಕ್ಕೆ ಅವರು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಪಿನ್ನು ತೆಗೆದು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅದು ಲೈಬ್ರರಿ ಮೇಡಂ ಅವರಿಗೆಂದು ಹೊಲಿದದ್ದು. ಪ್ರೌಢಶಾಲೆಯೊಂದರ ಗ್ರಂಥಪಾಲಕಿ, ಐವತ್ತು ದಾಟಿದವರು, ಅಕ್ಕನ ಜೊತೆ ಇರುವವರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗಕ್ಕೆ ತಾಗಲು ಶುರುವಾಗಿದೆ, ತೂಕ ಇಳಿಸಿ ಸಕ್ಕರೆ ಹತೋಟಿಗೆ ತರದಿದ್ದರೆ ಅಕ್ಷರ ಕಾಣುವುದೇ ಕಷ್ಟವಾದೀತು ಎಂದು ಕಣ್ಣಿನ ಡಾಕ್ಟರು ಕಳಿಸಿದ್ದರು. ಮೇಡಂ ಒಂದು ವಾರವೂ ತಪ್ಪಿಸದೆ ಬಂದರು. ವರ್ಷ ತುಂಬುವಷ್ಟರಲ್ಲಿ ಸಕ್ಕರೆ ಹತೋಟಿಗೆ ಬಂದು, ಮಾತ್ರೆ ಅರ್ಧಕ್ಕಿಳಿದು, ಹಳೆಯ ಬಟ್ಟೆಗಳೆಲ್ಲ ದೊಗಲೆಯಾದವು. ಒಂದು ದಿನ ಮನೆಯಲ್ಲಿದ್ದ ಅಷ್ಟೂ ಬಟ್ಟೆಯನ್ನು ಎರಡು ಚೀಲದಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿದರು.

“ಕತ್ತರಿಸಿ ಬಿಸಾಕು ಕಣೇ, ಆ ಕಾಲ ಮುಗೀತು ಅಂದ್ರು. ನನಗೂ ಅವರಿಗಿಂತ ಹೆಚ್ಚು ಖುಷಿ. ಕಚಕಚ ಕತ್ತರಿಸಿದೆ. ಇಬ್ಬರೂ ಮಕ್ಕಳ ಹಾಗೆ ಆ ತುಂಡುಗಳನ್ನ ಎಸೆದಾಡಿದ್ವಿ. ಉಳಿದದ್ದನ್ನೆಲ್ಲ ತುರುಕಿ ನನ್ನ ಸ್ಟೂಲಿಗೆ ಒಂದು ದಿಂಬು ಮಾಡ್ಕೊಂಡೆ. ಮೇಡಂ ಕೊಬ್ಬಿನ ಮೇಲೆ ಕೂತಿದ್ದೀನಿ ಅಂತ ನಾನು, ಮೆತ್ತಗಿದೆಯಾ ಅಂತ ಅವರು. ನಗು ಅಂದ್ರೆ ನಗು.”

ಆಮೇಲೆ ಮೇಡಂ ಅವರ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರನ್ನು ಎತ್ತುವುದು, ಕೂರಿಸುವುದು, ಶಾಲೆಗೆ ಓಡುವುದು. ಹೊತ್ತಿಗೆ ಸರಿಯಾದ ಊಟ ತಪ್ಪಿತು, ವಾರದ ಭೇಟಿ ತಪ್ಪಿತು, ಇಂಜೆಕ್ಷನ್ ನಿಂತಿತು. ತೂಕ ಸದ್ದಿಲ್ಲದೆ ಬಂದ ದಾರಿಯಲ್ಲೇ ಮರಳಿತು. ಆಸ್ಪತ್ರೆಯವರ ಫೋನು ಎತ್ತುವುದನ್ನೂ ಅವರು ಬಿಟ್ಟರು. ಪಿನ್ನಕ್ಕ ಅವರನ್ನು ಕಂಡದ್ದು ಬಸ್ ನಿಲ್ದಾಣದಲ್ಲಿ. ಸೆಕೆಯಲ್ಲೂ ತಮ್ಮನ ದೊಗಲೆ ಅಂಗಿಯ ಮೇಲೆ ಶಾಲು ಹೊದ್ದು ನಿಂತಿದ್ದರಂತೆ.

“ಯಾಕೆ ಮೇಡಂ ಬರ್ತಿಲ್ಲ, ಬನ್ನಿ ಅಂದೆ. ನಗ್ತಾನೇ ಹೇಳಿದ್ರು, ಹಾಕ್ಕೊಂಡು ಬರೋಕೆ ಒಂದು ಬಟ್ಟೆ ಇಲ್ಲ ಕಣೇ, ನೀನು ಕತ್ತರಿಸಿದ್ದು ಬಹಳ ಚೆನ್ನಾಗೇ ಕತ್ತರಿಸಿದ್ದೆ ಅಂತ.” ಪಿನ್ನಕ್ಕ ಪಿನ್ನಿನ ಡಬ್ಬಿಯ ಮುಚ್ಚಳ ಹಾಕುತ್ತಾರೆ. “ಬೈದಿದ್ರೆ ಚೆನ್ನಾಗಿರ್ತಿತ್ತು. ನಕ್ಕುಬಿಟ್ರು ನೋಡಿ. ಮರುದಿನದಿಂದ ಆ ದಿಂಬಿನ ಮೇಲೆ ಕೂರೋಕೆ ನನ್ನಿಂದ ಆಗಲಿಲ್ಲ.”

ದಿಂಬು ಬಿಚ್ಚಿದರು. ಬೂದು ಬಣ್ಣದ ಹೊಸ ಬಟ್ಟೆ ತಂದು, ಬಸ್ ನಿಲ್ದಾಣದಲ್ಲಿ ಕಂಡ ಕಣ್ಣಳತೆಯಲ್ಲೇ ಅಂಗಿ ಹೊಲಿದರು. ಮೇಡಂ ಅವರ ಹಸಿರು ಅಂಗಿಯಿಂದ ಕತ್ತರಿಸಿದ್ದ ತುಂಡುಗಳನ್ನು ಕೂಡಿಸಿ ಪಕ್ಕಕ್ಕೆ ಪಟ್ಟಿ ಕೊಟ್ಟರು. ಆದರೆ ಕಳಿಸಲಿಲ್ಲ. ಕಳಿಸುವುದು ಹೇಗೆ? “ಇಷ್ಟು ದಪ್ಪ ಆಗಿದ್ದೀರಿ, ತಗೊಳ್ಳಿ ಅಂತ ಅಳತೆ ಮಾಡಿ ಕಳಿಸಿದ ಹಾಗಾಗತ್ತೆ. ಸೂಜಿ ಹಾಗಿರೋ ನಾನು ಅದನ್ನ ಹೇಳಬಾರದು.” ಹಾಗಾಗಿ ಅಂಗಿ ಮೊಳೆಯಲ್ಲೇ ಉಳಿಯಿತು. ಅಲ್ಲಿಂದೀಚೆಗೆ ಕತ್ತರಿ ಇರುವುದು ದಾರ ತುಂಡು ಮಾಡಲು ಮಾತ್ರ. ನಿಮ್ಮ ಆಸೆ ಏನು ಎಂದು, ಇಂಥ ಲೇಖನ ಬರೆಯುವವರು ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳಿದೆ. ಕಿಟಕಿ ಕೇಳುತ್ತಾರೆ ಎಂದುಕೊಂಡಿದ್ದೆ. “ಆ ಮೊಳೆ ಖಾಲಿ ಆಗಬೇಕು,” ಎಂದರು.

ನಾವು ಮಾತಾಡುವಾಗ ಬಸ್ ಚಾಲಕರು ಪ್ಯಾಂಟು ತೆಗೆದುಕೊಳ್ಳಲು ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ ಎಂಬುದು ಅವರು ಗಂಟಲು ಸರಿಮಾಡಿಕೊಂಡಾಗಲೇ ನಮಗೆ ಗೊತ್ತಾದದ್ದು.

“ಲೈಬ್ರರಿ ಮೇಡಂ ತಾನೆ? ನನ್ನ ಬಸ್ಸಿಗೇ ಹತ್ತೋದು. ಒಂದೇ ಬ್ಯಾಚಲ್ಲಿ ವಾಕಿಂಗ್ ಮಾಡಿದೋರು ನಾವು. ಈಗ ಕಂಡರೂ ಕಾಣದ ಹಾಗೆ ಹಿಂದಿನ ಬಾಗಿಲಲ್ಲಿ ಹತ್ತಿ ಕೂರ್ತಾರೆ. ಕೊಡಿ ಇಲ್ಲಿ ಅದನ್ನ.”

“ಏನಂತ ಹೇಳಿ ಕೊಡ್ತೀರಿ?”

“ನೀವು ಹೇಳಿದ್ರೆ ತಪ್ಪಾಗತ್ತೆ, ನಾನು ಹೇಳಿದ್ರೆ ಯಾಕೆ ತಪ್ಪಾಗತ್ತೆ ಪಿನ್ನಕ್ಕ? ನನಗೂ ನಾಲ್ಕು ಕೆ.ಜಿ. ವಾಪಸ್ ಬಂತು ಮೇಡಂ, ಒಂದು ಹೊಲಿಗೆ ಬಿಚ್ಚಿಸ್ಕೊಂಡೆ, ಡಾಕ್ಟರ್ ನನ್ನ ನುಂಗಲಿಲ್ಲ ಅಂತೀನಿ.”

ಪಿನ್ನಕ್ಕ ಅಂಗಿಯನ್ನು ಇಸ್ತ್ರಿ ಮಾಡಿದರು. ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದರು. ಕಾಗದದಲ್ಲಿ ಸುತ್ತಿ ಕೊಟ್ಟ ಮೇಲೆ ಖಾಲಿ ಮೊಳೆಯ ಕಡೆ ನೋಡಲೇ ಇಲ್ಲ.

ಮುಂದಿನ ವಾರ ಅದೇ ಹೊತ್ತಿಗೆ ನಾನು ಮತ್ತೆ ಹೋಗಿದ್ದೇನೆ. ಬರಹಕ್ಕೆ ಇನ್ನೇನೂ ಬೇಕಿಲ್ಲ. ಕುತೂಹಲ ಸುಮ್ಮನೆ ಬಿಡಲಿಲ್ಲ. ಬೆಂಚು ತುಂಬಿದೆ. ಚಾಲಕರು ಬೆಳಗಿನ ಪಾಳಿಯಲ್ಲಿದ್ದಾರೆ, ಬಂದಿಲ್ಲ. ಪಿನ್ನಕ್ಕ ಪ್ರತಿ ಹೆಜ್ಜೆ ಸದ್ದಿಗೂ ತಲೆಯೆತ್ತಿ ಮತ್ತೆ ಬಗ್ಗಿಸುತ್ತಾರೆ. ಒಂದು ಗೌನಿಗೆ ಒಂದೇ ಪಕ್ಕಕ್ಕೆ ಎರಡು ಲಾಡಿ ಹೊಲಿದು, ಬೈದುಕೊಂಡು ಬಿಚ್ಚುತ್ತಾರೆ. ಆಚೆ ಕೋಣೆಯಲ್ಲಿ ಹೆಸರು ಕೂಗುವುದು ಶುರುವಾಗುತ್ತದೆ.

ಸಾಲು ಅರ್ಧ ಕರಗಿದ ಮೇಲೆ ಬಾಗಿಲಿಗೆ ನೆರಳು ಬೀಳುತ್ತದೆ. ಬೂದು ಅಂಗಿ, ಹಸಿರು ಪಟ್ಟಿ, ದಪ್ಪ ಕನ್ನಡಕ. ಮೇಡಂ ಎಡಗೈಯಲ್ಲಿ ಸೊಂಟದ ಹತ್ತಿರ ಅಂಗಿಯನ್ನು ಗೊಂಚಲಾಗಿ ಹಿಡಿದುಕೊಂಡಿದ್ದಾರೆ. ಬಿಟ್ಟರೆ ಅಂಗಿ ಹೆಗಲಿಂದಲೇ ಜಾರುವಂತಿದೆ.

“ಏನೇ, ನನ್ನನ್ನ ಏನು ಡೇರೆ ಅಂದ್ಕೊಂಡ್ಯಾ? ಇದರೊಳಗೆ ನಮ್ಮಕ್ಕನೂ ಬಂದು ಕೂತ್ಕೋಬಹುದು.”

ಪಿನ್ನಕ್ಕನ ಬಾಯಿಂದ ಪಿನ್ನುಗಳು ನೆಲಕ್ಕೆ ಉದುರುತ್ತವೆ. ಹೆಕ್ಕುವ ನೆಪದಲ್ಲಿ ಬಗ್ಗಿದವರು ಬೇಗ ಏಳುವುದಿಲ್ಲ. ಎದ್ದಾಗ ಕಣ್ಣುಗಳು ಕೆಂಪಗಿರುತ್ತವೆ. ಬೆಂಚಿನ ಮೇಲಿನವರು ಕತ್ತು ಚಾಚಿ ನೋಡುತ್ತಾರೆ. ಈ ಕಾರಿಡಾರಿನಲ್ಲಿ ಮೊದಲ ಬಾರಿಗೆ ಎಲ್ಲರೂ ಒಬ್ಬರ ಮುಖವನ್ನು ನೋಡುತ್ತಿದ್ದಾರೆ. ಮೇಡಂ ಪಕ್ಕದ ಪಟ್ಟಿಯನ್ನು ಬೆರಳಲ್ಲಿ ಸವರುತ್ತಾರೆ.

“ಇದು ನನ್ನ ಹಸಿರು ಅಂಗಿ ಅಲ್ವೇನೆ?”

“ಹೂಂ ಮೇಡಂ.”

“ಎಷ್ಟು ಅಗಲ ಇಟ್ಟಿದ್ದೀಯಲ್ಲೇ. ಏನು, ಕತ್ತರಿಸ್ತೀಯಾ?”

“ಕತ್ತರಿಸಲ್ಲ, ಕೈ ಎತ್ತಿ,” ಎಂದು ಪಿನ್ನಕ್ಕ ಎರಡೂ ಪಕ್ಕ ಮಡಿಚಿ ಪಿನ್ನು ಚುಚ್ಚುತ್ತಾರೆ. ಆಚೆ ಕೋಣೆಯಿಂದ ಕರೆ ಬರುತ್ತದೆ. ಪಿನ್ನು ಚುಚ್ಚಿದ ಅಂಗಿಯನ್ನು ಬಿಚ್ಚಿಟ್ಟು, ಗೌನು ತೊಟ್ಟು, ಮೇಡಂ ಎರಡೂ ಕೈ ಬೀಸಿಕೊಂಡು ತೂಕದ ಕೋಣೆಗೆ ನಡೆಯುತ್ತಾರೆ. ಯಂತ್ರ ಎಷ್ಟು ತೋರಿಸಿತೆಂಬುದು ಅವರಿಗೂ ವೈದ್ಯೆಗೂ ಸೇರಿದ್ದು. ಸಕ್ಕರೆ ಏರಿದೆ, ಕಣ್ಣಿನ ಪರೀಕ್ಷೆ ಇದೇ ವಾರ ಆಗಬೇಕು, ಮಾತ್ರೆ ಬದಲಾಗಿದೆ, ಬರುವ ವಾರ ಮತ್ತೆ ಬರಬೇಕು. ಇಷ್ಟನ್ನು ಮೇಡಂ ತಾವೇ ಹೇಳಿ, ಬರೆದುಕೊಳ್ಳಿ ಪರವಾಗಿಲ್ಲ ಎಂದರು.

ಅವರು ಹೋದ ಮೇಲೆ ಪಿನ್ನಕ್ಕ ಯಂತ್ರಕ್ಕೆ ದಾರ ಪೋಣಿಸುತ್ತ ಕೂರುತ್ತಾರೆ. ಮೊಳೆಯ ಮೇಲೆ ಈಗ ಅವರ ಬೇಕರಿ ವಾಸನೆಯ ಬಟ್ಟೆ ನೇತಾಡುತ್ತಿದೆ.

“ಕಣ್ಣಳತೆ ಬೆರಳಗಲ ತಪ್ಪಿಲ್ಲ ಅಂತ ನಿಮ್ಮ ಹತ್ರ ಜಂಬ ಕೊಚ್ಚಿದ್ದೆನಲ್ಲ, ಅದನ್ನ ತೆಗೆದುಹಾಕಿ,” ಎನ್ನುತ್ತಾರೆ. “ಗೇಣುಗಟ್ಟಲೆ ತಪ್ಪಿದೆ. ಹಾಗಂತಲೇ ಬರೀರಿ.”